ಗುಜರಾತಿನ ಕಡಲಂಚಿನ ದುಡಿಮೆ ಮತ್ತು ಪರಿಹಾರಧನದ ಹಕ್ಕು

ಸೂರತ್ತಿನ ಚರಿತ್ರೆಯೆಂದರೆ ವರ್ತಕರು, ಹುಂಡಿಗಳು ಮತ್ತು ಕಂಪನಿಯ ಕೋಠಿಗಳ ಚರಿತ್ರೆ ಎಂಬುದೇ ವಾಡಿಕೆ. ಸರಕು ಇಳಿಸುವಾಗ ಖಲಾಸಿಯ ಕೈ ಮುರಿದರೆ ಆತನ ಗತಿ ಏನಾಗುತ್ತಿತ್ತು ಎಂದು ಕೇಳಿದವರು ವಿರಳ. ಖಲಾಸಿ, ತಾಂಡೇಲ ಎಂಬ ಪದಗಳು ಕೆನರಾ ಕರಾವಳಿಯಲ್ಲೂ ಬಳಕೆಯಲ್ಲಿವೆ. ಮಂಗಳೂರಿನ ಹೆಂಚು ಹೊತ್ತ ಮಂಜಿಗಳು ಗುಜರಾತಿನ ಬಂದರುಗಳಿಗೂ ಹೋಗುತ್ತಿದ್ದವು. ಆದುದರಿಂದ ಈ ಪ್ರಶ್ನೆ ಕನ್ನಡ ಸಂಶೋಧಕರಿಗೆ ಪರಕೀಯವಾದುದಲ್ಲ.

1924ರ ಜುಲೈ 1ರಂದು ಜಾರಿಗೆ ಬಂದ 1923ರ ಕಾರ್ಮಿಕರ ಪರಿಹಾರ ಕಾಯಿದೆಯು ಬ್ರಿಟಿಷ್ ಭಾರತಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಅಹಮದಾಬಾದು ಮತ್ತು ಸೂರತ್ತು ಮುಂಬಯಿ ಪ್ರಾಂತದ ಜಿಲ್ಲೆಗಳಾಗಿದ್ದವು. ವಡೋದರವು ಗಾಯಕವಾಡರ ರಾಜಧಾನಿ, ದೂರದ ಓಖಾ ಬಂದರೂ ಅವರದೇ. ಹೀಗಾಗಿ ಗಾಯ ಒಂದೇ ಬಗೆಯದಾಗಿದ್ದರೂ ಹಕ್ಕು ಸಂಸ್ಥಾನದ ಗಡಿಯಲ್ಲಿ ನಿಲ್ಲುತ್ತಿತ್ತು. ಮೊದಲ ರೂಪದಲ್ಲಿ ಮರಣಕ್ಕೆ ದೊರೆಯುತ್ತಿದ್ದುದು ಮೂವತ್ತು ತಿಂಗಳ ವೇತನ ಅಥವಾ 2,500 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದು.

ಈ ಕಾಯಿದೆಯ 15ನೆಯ ಪ್ರಕರಣವು ನಾವಿಕರಿಗಾಗಿಯೇ ರಚಿತವಾದುದು. ಅಪಘಾತವೂ ಅಶಕ್ತತೆಯೂ ಹಡಗಿನ ಮೇಲೆಯೇ ಸಂಭವಿಸಿದ್ದರೆ ನಾವಿಕನು ಪ್ರತ್ಯೇಕ ಸೂಚನೆ ಕೊಡಬೇಕಾಗಿರಲಿಲ್ಲ. ತಿದ್ದುಪಡಿಗಳ ನಂತರದ ರೂಪದಲ್ಲಿ, ಮರಣದ ಸುದ್ದಿ ಕೈಸೇರಿದ ದಿನದಿಂದ ಒಂದು ವರ್ಷದೊಳಗೆ ಅವಲಂಬಿತರು ಹಕ್ಕು ಸಾಧಿಸಬಹುದಿತ್ತು. ಎಲ್ಲ ನಾವಿಕರೊಡನೆ ಹಡಗೇ ಮುಳುಗಿದ್ದರೆ ಆ ದಿನದಿಂದ ಹದಿನೆಂಟು ತಿಂಗಳು. ಸುದ್ದಿ ಊರಿಗೆ ತಲುಪಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲದ ಅನುಭವ ಈ ಒಣ ವಾಕ್ಯಗಳಲ್ಲಿ ಉಳಿದುಕೊಂಡಿದೆ. ಶಾಸನವನ್ನು ಸಾಮಾಜಿಕ ದಾಖಲೆಯಾಗಿ ಓದುವವರಿಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಸೂರತ್ತಿನಿಂದ ಖಂಭಾತ್ ಕೊಲ್ಲಿಯ ಆಚೆಗಿರುವ ಅಲಂಗ್ ತೀರದಲ್ಲಿ 1983ರಿಂದ ಹಡಗು ಒಡೆಯುವ ಉದ್ಯಮ ಬೆಳೆಯಿತು. ಉಬ್ಬರದ ನೀರಿನಲ್ಲಿ ದಡಕ್ಕೇರಿಸಿದ ಹಡಗನ್ನು ಅನಿಲಜ್ವಾಲೆಯಿಂದ ಕತ್ತರಿಸುವವರು ಬಹುಪಾಲು ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದವರು. ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಹಡಗನ್ನು ಕಟ್ಟುವ, ದುರಸ್ತಿ ಮಾಡುವ ಕೆಲಸಗಳೊಡನೆ ಕೆಡಹುವ ಕೆಲಸವೂ ಸೇರಿತ್ತು. ಗುತ್ತಿಗೆದಾರನ ಆಳಿಗೆ ಮೂಲ ಮಾಲಿಕನೇ ಹೊಣೆ ಎಂದು 12ನೆಯ ಪ್ರಕರಣ ಹೇಳುತ್ತಿತ್ತು. ಹಕ್ಕಿಗೆ ಕೊರತೆಯಿರಲಿಲ್ಲ, ಅದನ್ನು ಕೇಳುವ ಸ್ಥಳದ್ದೇ ತೊಡಕು. ಕಾಲು ಕಳೆದುಕೊಂಡು ಊರಿಗೆ ಮರಳಿದವನು ಅಪಘಾತ ನಡೆದ ಪ್ರದೇಶದ ಆಯುಕ್ತರ ಮುಂದೆ ಪುನಃ ಬಂದು ನಿಲ್ಲುವುದು ಸುಲಭವೇ? ಅರ್ಜಿದಾರನು ತಾನು ವಾಸಿಸುವ ಪ್ರದೇಶದ ಆಯುಕ್ತರಲ್ಲಿಯೇ ದಾವೆ ಹೂಡಬಹುದೆಂಬ 1995ರ ತಿದ್ದುಪಡಿಯು, ನನ್ನ ದೃಷ್ಟಿಯಲ್ಲಿ, ಪರಿಹಾರದ ಮೊತ್ತವನ್ನು ಏರಿಸಿದ ತಿದ್ದುಪಡಿಗಳಿಗಿಂತ ದೊಡ್ಡದು. ಆಯುಕ್ತರ ತೀರ್ಪಿನ ಮೇಲೆ ಮಾಲಿಕನು ಅಹಮದಾಬಾದಿನ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾದರೆ ಪರಿಹಾರದ ಹಣವನ್ನು ಮೊದಲು ಠೇವಣಿ ಇಡಬೇಕಾಗಿತ್ತು. 2025ರ ನವೆಂಬರ್ 21ರಂದು ಈ ಕಾಯಿದೆಯ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿತು.

ಅದೇ ಉಚ್ಚ ನ್ಯಾಯಾಲಯಕ್ಕೆ 2017ರ ಅಡ್ಮಿರಾಲ್ಟಿ ಕಾಯಿದೆಯು ನೌಕಾ ವ್ಯಾಜ್ಯಗಳ ಅಧಿಕಾರವನ್ನು ನೀಡಿದೆ. ನಾವಿಕರ ವೇತನದ ಬಾಕಿಗೆ ಹಡಗಿನ ಮೇಲೆಯೇ ಪ್ರಥಮ ಹಕ್ಕು. ಹಡಗಿನ ಚಾಲನೆಗೆ ನೇರವಾಗಿ ಸಂಬಂಧಿಸಿದ ಮರಣ ಮತ್ತು ಗಾಯಗಳಿಗೆ ಎರಡನೆಯದು. ಮಾಲಿಕ ಬದಲಾದರೂ, ಧ್ವಜ ಬದಲಾದರೂ ಆ ಹಕ್ಕು ಹಡಗನ್ನು ಬಿಡದು. ಆದರೆ ಇದೇ ಕಾಯಿದೆಯ ವಿವರಣೆಯೊಂದರ ಪ್ರಕಾರ, ಸಂಚಾರಕ್ಕೆ ಒದಗದಷ್ಟು ಒಡೆದುಹೋಗಿದೆಯೆಂದು ಸರ್ವೇಯರು ಪ್ರಮಾಣಪತ್ರ ನೀಡಿದ ಹಡಗು ಹಡಗೇ ಅಲ್ಲ. ಅಲಂಗಿನ ಕಾರ್ಮಿಕನು ಕತ್ತರಿಸುತ್ತ ಹೋದಂತೆ, ನಾವಿಕನಿಗೆ ಆಧಾರವಾಗಿದ್ದ ಆ ವಸ್ತುವೇ ಕಾನೂನಿನ ಕಣ್ಣಿನಲ್ಲಿ ಬರಿಯ ಕಬ್ಬಿಣವಾಗುತ್ತದೆ.