ಬಯೋಕಾನ್: ಕಿಣ್ವದಿಂದ ಔಷಧಕ್ಕೆ

ಬಯೋಕಾನ್ ಇಂಡಿಯಾ ಬೆಂಗಳೂರಿನಲ್ಲಿ ಹುಟ್ಟಿದ್ದು 1978ರ ನವೆಂಬರಿನಲ್ಲಿ. ಕೋರಮಂಗಲದ ಬಾಡಿಗೆ ಮನೆಯೊಂದರ ಗ್ಯಾರೇಜೇ ಅದರ ಕಚೇರಿ, ಬಂಡವಾಳ 10,000 ರೂಪಾಯಿ. ಇಂದು ಇನ್ಸುಲಿನ್‌ಗೆ ಹೆಸರಾದ ಈ ಸಂಸ್ಥೆ ಆಗ ಔಷಧದ ಗೊಡವೆಗೇ ಹೋಗಿರಲಿಲ್ಲ. ಅದರ ಬೇರು ಇದ್ದದ್ದು ಬಿಯರ್ ಉದ್ಯಮದಲ್ಲಿ.

ಸ್ಥಾಪಕಿ ಕಿರಣ್ ಮಜುಂದಾರ್ ಅವರಿಗೆ ಆಗ 25 ವರ್ಷ. ತಂದೆ ಯುನೈಟೆಡ್ ಬ್ರೂವರೀಸ್‌ನ ಮುಖ್ಯ ಬ್ರೂಮಾಸ್ಟರ್. ಮಗಳೂ ಆಸ್ಟ್ರೇಲಿಯಾಕ್ಕೆ ಹೋಗಿ ಅದೇ ವಿದ್ಯೆ ಕಲಿತು ಬಂದರು. ಆದರೆ ಬಿಯರ್ ಕಾರ್ಖಾನೆಯ ಹೊಣೆಯನ್ನು ಹೆಣ್ಣುಮಗಳ ಕೈಗೆ ಕೊಡುವ ಧೈರ್ಯ ಇಲ್ಲಿನವರಿಗೆ ಇರಲಿಲ್ಲ. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಬಯೋಕಾನ್ ಬಯೋಕೆಮಿಕಲ್ಸ್ ನಡೆಸುತ್ತಿದ್ದ ಲೆಸ್ಲಿ ಆಕಿನ್‌ಕ್ಲಾಸ್ ಅವರು ಆಗ ಭಾರತದಲ್ಲಿ ಪಾಲುದಾರರನ್ನು ಹುಡುಕುತ್ತಿದ್ದರು; ಕಿರಣ್ ಅವರೊಂದಿಗೆ ಕೈಜೋಡಿಸಿದರು. ಅಂದಿನ ನಿಯಮದಂತೆ ವಿದೇಶಿಯರ ಪಾಲು ಶೇ. 30ನ್ನು ದಾಟುವಂತಿರಲಿಲ್ಲ. ಹೀಗಾಗಿ ಉಳಿದ ಶೇ. 70 ಕಿರಣ್ ಅವರದಾಯಿತು. ಉದ್ಯಮಿಗಳು ಸದಾ ಶಪಿಸುತ್ತಿದ್ದ ಕಟ್ಟಳೆಯೊಂದು ಇಲ್ಲಿ ಮಾತ್ರ ಒಳ್ಳೆಯದನ್ನೇ ಮಾಡಿತು.

ಮೊದಲ ಸರಕುಗಳು ಎರಡು. ಒಂದು ಪಪಾಯಿ ಕಾಯಿಯಿಂದ ಪಡೆಯುವ ಪಪೇನ್. ಎಳೆಯ ಕಾಯಿಯ ಸಿಪ್ಪೆಯನ್ನು ಗೀರಿದಾಗ ಒಸರುವ ಬಿಳಿ ಹಾಲನ್ನು ಒಣಗಿಸಿದರೆ ಈ ಕಿಣ್ವ ಸಿಗುತ್ತದೆ. ತಣ್ಣಗಾದ ಬಿಯರ್ ಮಬ್ಬಾಗದಂತೆ ತಡೆಯಲು, ಮಾಂಸವನ್ನು ಮೆದುಗೊಳಿಸಲು ಅದು ಬೇಕು. ಇನ್ನೊಂದು ಮೀನಿನ ಗಾಳಿಚೀಲದಿಂದ ತೆಗೆಯುವ ಐಸಿಂಗ್ಲಾಸ್. ಬಿಯರನ್ನು ತಿಳಿಯಾಗಿಸಲು ಬಳಸುವ ವಸ್ತು.

ಕೆಲಸಕ್ಕೆ ಜನ ಸಿಗುವುದೇ ಕಷ್ಟವಾಗಿತ್ತು. ಬ್ಯಾಂಕಿನ ಹುದ್ದೆ, ಸಾರ್ವಜನಿಕ ಉದ್ದಿಮೆಯ ನೌಕರಿ ಎಂದರೆ ಬಾಳಿನ ಭದ್ರತೆ ಎಂದು ನಂಬಿದ್ದ ಆ ಬೆಂಗಳೂರಿನಲ್ಲಿ, ಹೆಸರೇ ಕೇಳದ ಕಂಪನಿಗೆ, ಅದರಲ್ಲೂ ಯುವತಿಯೊಬ್ಬಳ ಕೈಕೆಳಗೆ ದುಡಿಯಲು ಯಾರು ಬಂದಾರು? ಮೊದಲ ನೌಕರ ನಿವೃತ್ತ ಗ್ಯಾರೇಜ್ ಮೆಕ್ಯಾನಿಕ್ ಒಬ್ಬರು. ಹತ್ತಿರದ 3,000 ಚದರಡಿಯ ಶೆಡ್ಡು ಕಾರ್ಖಾನೆಯಾಯಿತು. ಅಡವಿಡಲು ಏನೂ ಇಲ್ಲದವರಿಗೆ ಬ್ಯಾಂಕುಗಳು ಸುಲಭವಾಗಿ ಸಾಲ ಕೊಡುವ ಕಾಲವೂ ಅದಲ್ಲ. ಆದರೂ ಒಂದು ವರ್ಷದೊಳಗೆ ಸರಕು ಅಮೆರಿಕ, ಯುರೋಪಿಗೆ ರಫ್ತಾಯಿತು.

ಪಪಾಯಿ ಹಾಲನ್ನು ಒಣಗಿಸುವುದು ಸಂಸ್ಕರಣೆಯಷ್ಟೇ. ನಿಜವಾದ ತಿರುವು ಬಂದದ್ದು ಸೂಕ್ಷ್ಮಜೀವಿಗಳನ್ನು ಬೆಳೆಸಿ ಕಿಣ್ವ ಪಡೆಯಲು ಹೊರಟಾಗ. 1987ರಲ್ಲಿ ಐಸಿಐಸಿಐನ ನಾರಾಯಣನ್ ವಾಘುಲ್ ಅವರ ಬೆಂಬಲದಿಂದ ಎರಡೂವರೆ ಲಕ್ಷ ಡಾಲರ್ ಸಾಹಸ ಬಂಡವಾಳ ದೊರೆಯಿತು. ಆ ಹಣದಲ್ಲಿ, ಜಪಾನೀಯರ ಪದ್ಧತಿಯಿಂದ ಪ್ರೇರಿತವಾಗಿ, ತಟ್ಟೆಗಳಲ್ಲಿ ಹರಡಿದ ಘನ ಪದಾರ್ಥದ ಮೇಲೆ ಬೂಷ್ಟು ಬೆಳೆಸುವ ಸ್ವಂತ ತಂತ್ರ ಸಿದ್ಧವಾಯಿತು. ಕಂಪನಿಯನ್ನು ಔಷಧದತ್ತ ಒಯ್ದದ್ದು ಈ ಹುದುಗಿಸುವ ಪರಿಣತಿಯೇ. ಕೊಲೆಸ್ಟರಾಲ್ ತಗ್ಗಿಸುವ ಲೊವಾಸ್ಟಾಟಿನ್ ಕೂಡ ಬೂಷ್ಟಿನಿಂದಲೇ ಸಿಗುವಂಥದು. 2001ರಲ್ಲಿ ಅದರ ತಯಾರಿಕೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ನೀಡಿತು.

ಈ ನಡುವೆ ವಿದೇಶಿ ಪಾಲಿನ ಒಡೆತನ ಕೈ ಬದಲಾಯಿಸುತ್ತಲೇ ಇತ್ತು. 1989ರಲ್ಲಿ ಐರಿಷ್ ಕಂಪನಿಯನ್ನು ಯೂನಿಲಿವರ್ ಕೊಂಡಿತು. ಆ ಪಾಲು ಮುಂದೆ ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐ ಕೈಸೇರಿತು. 1998ರಲ್ಲಿ ಕಿರಣ್ ಅವರ ಪತಿ ಜಾನ್ ಶಾ ಅದನ್ನು ಸುಮಾರು 20 ಲಕ್ಷ ಡಾಲರಿಗೆ ಖರೀದಿಸಿದರು. 2004ರಲ್ಲಿ ಷೇರುಪೇಟೆಗೆ ಬಂದಾಗ ಮೊದಲ ದಿನವೇ ಕಂಪನಿಯ ಮೌಲ್ಯ 111 ಕೋಟಿ ಡಾಲರ್ ತಲುಪಿತು.

ಅದೇ ವರ್ಷ ಇನ್ಸುಜೆನ್ ಮಾರುಕಟ್ಟೆಗೆ ಬಂತು. ಪಿಕಿಯಾ ಎಂಬ ಯೀಸ್ಟಿನೊಳಗೆ ಮನುಷ್ಯನ ಇನ್ಸುಲಿನ್ ಜೀನ್ ಸೇರಿಸಿ ತಯಾರಿಸಿದ ಔಷಧ ಅದು. 2007ರಲ್ಲಿ ಕಿಣ್ವ ವ್ಯವಹಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್‌ಗೆ 11.5 ಕೋಟಿ ಡಾಲರಿಗೆ ಮಾರಲಾಯಿತು. 2021ರಲ್ಲಿ ಬಯೋಕಾನ್‌ನ ಗ್ಲಾರ್ಜೀನ್ ಇನ್ಸುಲಿನ್‌ಗೆ, ಮೂಲ ಔಷಧದ ಬದಲಿಗೆ ಔಷಧದಂಗಡಿಯವರೇ ಕೊಡಬಹುದೆಂಬ ಮನ್ನಣೆಯನ್ನು ಎಫ್‌ಡಿಎ ನೀಡಿತು; ಜೈವಿಕ ಸಮರೂಪಿ ಇನ್ಸುಲಿನ್ ಒಂದಕ್ಕೆ ಅಮೆರಿಕದಲ್ಲಿ ಇಂಥ ಮನ್ನಣೆ ಸಿಕ್ಕಿದ್ದು ಅದೇ ಮೊದಲು.