ಸಿಟ್ಟು ತರಿಸುವ ಕೆಲವು ಮಾತುಗಳು

ಕಳೆದ ದೀಪಾವಳಿಯ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ರಾಯಬಾಗದ ಕಡೆಯವನು, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಚಹಾ ಕುಡಿಯುತ್ತ ಕುಳಿತಾಗ, “ಸರ, ಅಲ್ಲಿ ಎಲ್ಲಾ ಚೊಲೋ ಐತ್ರಿ. ಒಂದ ಮಾತ ಮಾತ್ರ ತಲಿ ಕೆಡಸ್ತೈತಿ ನೋಡ್ರಿ” ಎಂದ. ಯಾವ ಮಾತು ಎಂದು ಕೇಳಿದೆ. “ಊರ ಹೆಸರು ಹೇಳಿದ ಕೂಡ್ಲೆ ‘ನಿಮ್ಮ ಕಡೆ ಎಲ್ಲಾ ಮರಾಠಿನೇ ಅಲ್ವಾ’ ಅಂತಾರ್ರಿ. ಕೊಲ್ಹಾಪುರದಾಗ ತಂಗಿ ಮನಿಗಿ ಹೋದ್ರ, ಅಲ್ಲಿ ‘ತುಮ್ಹೀ ಕಾನಡೀ ಕಾ’ ಅಂತಾರ್ರಿ.” ನಾನು ನಕ್ಕೆ. ಅವನೂ ನಕ್ಕು, ಬಳಿಕ ಸ್ವಲ್ಪ ತಡೆದು ಹೇಳಿದ: “ನೀವೂ ಕಡಿಮಿ ಇರಲಿಲ್ಲ ಬಿಡ್ರಿ ಸರ. ‘ಶುದ್ಧ ಮಾತಾಡೋ’ ಅಂತ ದಿನಾ ಅಂತಿದ್ರಿ.”

ಅವನು ಹೋದ ಮೇಲೆ ಬಹಳ ಹೊತ್ತು ಆ ಮಾತು ನನ್ನನ್ನು ಬಿಡಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಜನರಿಗೆ ಕೇಳಿದೊಡನೆ ಮೈ ಉರಿಯುವ ಮಾತುಗಳು ಯಾವುವು, ಅವು ಎಲ್ಲಿಂದ ಬಂದವು ಎಂದು ಯೋಚಿಸುತ್ತ ಹೋದೆ. ಆಡುವವರಿಗೆ ಅವು ಸಾಮಾನ್ಯ ಮಾತುಗಳು. ಆದರೆ ಒಂದೊಂದರ ಹಿಂದೆಯೂ ಯಾವುದೋ ಒಂದು ಆಳ್ವಿಕೆಯ, ಯಾವುದೋ ಒಂದು ಕಚೇರಿಯ ಮುದ್ರೆಯಿದೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆದಿಡುತ್ತೇನೆ. ಹಳೆಯ ವಿದ್ಯಾರ್ಥಿಗಳು ಓದಿ, ಮೇಷ್ಟ್ರು ಈಗಲೂ ಪಾಠ ಬಿಟ್ಟಿಲ್ಲ ಎಂದುಕೊಂಡರೂ ಚಿಂತೆಯಿಲ್ಲ.

ಮೊದಲನೆಯದು ‘ಬಾಂಬೆ ಕರ್ನಾಟಕ’. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ನಮ್ಮ ಭಾಗವು ಕಂಪನಿ ಸರಕಾರದ ಮುಂಬಯಿ ಇಲಾಖೆಗೆ ಸೇರಿತು. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಜಿಲ್ಲೆಯಾಯಿತು. ಚಿಕ್ಕೋಡಿ, ಅಥಣಿಗಳು ಹೀಗೆ ನೇರವಾಗಿ ಬ್ರಿಟಿಷರ ಕೈಯಲ್ಲಿದ್ದರೆ, ರಾಯಬಾಗವು ಕೊಲ್ಹಾಪುರ ಸಂಸ್ಥಾನದ್ದು. ಆ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ರಾಯಬಾಗದವರ ಕಾಗದಪತ್ರಗಳೆಲ್ಲ ಮರಾಠಿಯಲ್ಲಿ. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಗೆ ಮುಂಬಯಿಯ ಸಂಬಂಧ ಮುಗಿಯಿತು. ಆದರೆ ಹೆಸರು ಮುಗಿಯಲಿಲ್ಲ. ಹವಾಮಾನ ವರದಿಯಲ್ಲಿ, ಚುನಾವಣೆಯ ಲೆಕ್ಕಾಚಾರದಲ್ಲಿ, ನೌಕರಿಯ ಅರ್ಜಿಯಲ್ಲಿ 65 ವರ್ಷ ನಾವು ಬಾಂಬೆಯವರಾಗಿಯೇ ಉಳಿದೆವು. ಅಷ್ಟರಲ್ಲಿ ಆ ಬಾಂಬೆಯೇ ಮುಂಬಯಿಯೆಂದು ತನ್ನ ಹೆಸರನ್ನು ಬದಲಿಸಿಕೊಂಡಿತ್ತು! 2021ರ ನವೆಂಬರಿನಲ್ಲಿ ಸರಕಾರವು ‘ಕಿತ್ತೂರು ಕರ್ನಾಟಕ’ ಎಂದು ಹೊಸ ಹೆಸರಿಟ್ಟಿತು. ನನಗೆ ಸಂತೋಷವಾಯಿತು. ಆದರೂ ಹಳೆಯ ಹೆಸರು ಇನ್ನೂ ಅನೇಕರ ನಾಲಗೆಯ ಮೇಲಿದೆ.

ಎರಡನೆಯದು ‘ಗಡಿಭಾಗ’. ಮರಾಠಿಯವರು ಇದನ್ನೇ ‘ಸೀಮಾಭಾಗ’ ಎನ್ನುತ್ತಾರೆ. ಅರ್ಥ ಒಂದೇ, ಆದರೆ ಹಿಂದಿನ ಹಟ ಬೇರೆ ಬೇರೆ. ಗಡಿ ಎಂದರೆ ಅಂಚು. ಯಾವುದರ ಅಂಚು? ಅಥಣಿಯಿಂದ ಬೆಂಗಳೂರು ಸುಮಾರು 600 ಕಿಲೋಮೀಟರ್ ದೂರ. ಅಲ್ಲಿ ನಿಂತು ನೋಡಿದವರಿಗೆ ನಾವು ಅಂಚಿನವರೇ ಸರಿ. ಆದರೆ ಕಾಗವಾಡದ ರೈತನಿಗೆ ಮೈಯಲ್ಲಿ ನೆಟ್ಟಗಿಲ್ಲದಿದ್ದರೆ ಮೀರಜಿನ ದವಾಖಾನೆಗೆ ಹೋಗಿ ಸಂಜೆಯೊಳಗೆ ಮನೆ ಸೇರುತ್ತಾನೆ. ಅವನ ಲೋಕದ ನಡುವೆಯೇ ಅವನ ಊರಿದೆ. ದಿನಾಲೂ ದಾಟುವ ಗೆರೆಯನ್ನೇ ಅವನ ಗುರುತಾಗಿ ಮಾಡಿದರೆ ಬೇಸರವಾಗದೆ ಇದ್ದೀತೆ?

ನಿಪ್ಪಾಣಿಯವರ ಪಾಡು ಇನ್ನೂ ಕಠಿಣ. ಅವರು ಕೇಳಿಸಿಕೊಂಡ ಶಬ್ದ ‘ವಿವಾದಿತ’. 1966ರಲ್ಲಿ ಕೇಂದ್ರ ಸರಕಾರವು ನ್ಯಾಯಮೂರ್ತಿ ಮೆಹರಚಂದ ಮಹಾಜನರ ಆಯೋಗವನ್ನು ನೇಮಿಸಿತು. ಮರುವರ್ಷ ವರದಿ ಬಂತು. ಮಹಾರಾಷ್ಟ್ರ ಕೇಳಿದ್ದು 814 ಹಳ್ಳಿಗಳನ್ನು. ಆಯೋಗ ಕೊಡಬಹುದೆಂದದ್ದು 264 ಹಳ್ಳಿಗಳನ್ನು, ಅವುಗಳ ಜೊತೆ ನಿಪ್ಪಾಣಿಯನ್ನು. ಬೆಳಗಾವಿ ನಮ್ಮಲ್ಲೇ ಉಳಿಯಬೇಕೆಂದಿತು; ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಊರುಗಳನ್ನು ಇತ್ತ ಕೊಡಬೇಕೆಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, ವರದಿ ಜಾರಿಗೆ ಬರಲಿಲ್ಲ. 2004ರಲ್ಲಿ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ವಿಧಾನಮಂಡಲವು ನಿರ್ಣಯ ಮಾಡುವಾಗ ಹಳ್ಳಿಗಳ ಸಂಖ್ಯೆ 865 ಆಗಿತ್ತು. ಇಷ್ಟೆಲ್ಲದರ ನಡುವೆ ನಿಪ್ಪಾಣಿಯ ಜನ ತಂಬಾಕು ಬೆಳೆದರು, ಬೀಡಿ ಕಟ್ಟಿದರು. 1981ರಲ್ಲಿ ಶರದ ಜೋಶಿಯವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯ ಮೇಲೆ ಕುಳಿತಾಗ ಅವರ ಬೇಡಿಕೆ ಬೆಲೆಯದಾಗಿತ್ತು, ಭಾಷೆಯದಾಗಿರಲಿಲ್ಲ. ಊರಿನ ಹೆಸರನ್ನು ‘ನಿಪಾಣಿ’ ಎಂದು ಬರೆಯಬೇಕೋ ‘ನಿಪ್ಪಾಣಿ’ ಎಂದು ಬರೆಯಬೇಕೋ ಎಂಬುದರ ಮೇಲೂ ಜಗಳವಾಡುವವರನ್ನು ನಾನು ಕಂಡಿದ್ದೇನೆ. ಆ ಒಂದು ಒತ್ತಕ್ಷರ ನೋಡಿ ಬರೆದವನು ಯಾವ ಕಡೆಯವನೆಂದು ತೀರ್ಮಾನಿಸುತ್ತಿದ್ದರು.

ಚಿಕ್ಕೋಡಿಯವರನ್ನು ಕೆಣಕಬೇಕಾದರೆ ‘ನಿಮ್ಮದು ಶೈಕ್ಷಣಿಕ ಜಿಲ್ಲೆಯಲ್ಲವೆ’ ಎಂದರೆ ಸಾಕು. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಚಿಕ್ಕೋಡಿಯನ್ನು ಜಿಲ್ಲೆಯೆಂದು ಘೋಷಿಸಿ, ವಿರೋಧ ಬಂದೊಡನೆ ಹಿಂದೆಗೆದುಕೊಂಡಿತು. ಅಂದಿನಿಂದ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಚಿಕ್ಕೋಡಿ ಜಿಲ್ಲೆಯಾಗಿ ಕಾಣಿಸುತ್ತ ಬಂದಿದೆ. ಮಾಸ್ತರರ ಪಾಲಿಗೆ ಜಿಲ್ಲೆ, ಮಿಕ್ಕವರ ಪಾಲಿಗೆ ತಾಲೂಕು!

ಅಥಣಿಯ ಚಮ್ಮಾರ ಬಂಧುಗಳ ಸಿಟ್ಟು ಬೇರೆಯ ಶಬ್ದದ ಮೇಲೆ. ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಗಳಲ್ಲಿ ತಲೆತಲಾಂತರದಿಂದ ಕೈಯಿಂದಲೇ ಚರ್ಮ ಹದಮಾಡಿ, ಹೊಲಿದು, ಹೆಣೆದು ತಯಾರಿಸುವ ಪಾದರಕ್ಷೆಯನ್ನು ಜಗತ್ತು ‘ಕೊಲ್ಹಾಪುರಿ’ ಎನ್ನುತ್ತದೆ. ಪೇಟೆ ಕೊಲ್ಹಾಪುರದ್ದು, ಆದ್ದರಿಂದ ಹೆಸರೂ ಕೊಲ್ಹಾಪುರದ್ದು. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಚಪ್ಪಲಿಯನ್ನು ಮಿಲಾನ್ ನಗರದಲ್ಲಿ ಪ್ರದರ್ಶಿಸಿ ದೇಶವೆಲ್ಲ ಗದ್ದಲವಾದಾಗಲೂ ಅಥಣಿಯ ಹೆಸರು ಸುದ್ದಿಯ ಕೊನೆಯ ಸಾಲಿನಲ್ಲಿ ಬಂದರೆ ಬಂತು. ಮಾಡಿದ ಕೈಗಿಂತ ಮಾರಿದ ಊರೇ ದೊಡ್ಡದಾಯಿತು.

ಇವೆಲ್ಲ ಹೊರಗಿನವರು ನಮ್ಮನ್ನು ಕುರಿತು ಆಡುವ ಮಾತುಗಳು. ನಮ್ಮ ಮಾತು ಹೊರಗಿನವರಿಗೆ ಕಿರಿಕಿರಿ ಮಾಡಿದ್ದೂ ಉಂಟು. ಹಳೆ ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ಶಿಕ್ಷಕಿಯೊಬ್ಬರು ಮೊದಲ ವಾರವೇ ಕಣ್ಣೀರು ಹಾಕಿಕೊಂಡಿದ್ದರು. ಊರ ಗಂಡಸರೆಲ್ಲ ಅವರನ್ನು ‘ಬರ್ರಿ’, ‘ಕೂಡ್ರಿ’, ‘ಏನ್ರಿ’ ಎನ್ನುತ್ತಿದ್ದರು. ಅವರ ಸೀಮೆಯಲ್ಲಿ ‘ರೀ’ ಎಂದು ಕರೆಯುವುದು ಹೆಂಡತಿ ಗಂಡನನ್ನು. ನಮ್ಮಲ್ಲಿ ಅದಿಲ್ಲದ ಮಾತೇ ಮರ್ಯಾದೆಗೆಟ್ಟದ್ದು. ವಿಷಯ ತಿಳಿದ ಮೇಲೆ ಅವರೇ ಎಷ್ಟು ನಕ್ಕರೆಂದರೆ, ವರ್ಗವಾಗಿ ಹೋಗುವಾಗ ಎಲ್ಲರಿಗೂ ‘ಹೋಗಿ ಬರ್ತೀನ್ರಿ’ ಎಂದೇ ಹೇಳಿ ಹೋದರು.

ಇಂಥ ತಪ್ಪು ತಿಳಿವಳಿಕೆ ಹೊಸದಲ್ಲ. ತುಕಾರಾಮ ಮಹಾರಾಜರ ಒಂದು ಅಭಂಗದಲ್ಲಿ ಕನ್ನಡದ ಹೆಣ್ಣು ಮರಾಠಿಯ ಗಂಡನನ್ನು ಕಟ್ಟಿಕೊಂಡ ಪ್ರಸಂಗವಿದೆ. ಅವಳು ತನ್ನ ಭಾಷೆಯಲ್ಲಿ ಹತ್ತಿರ ಕರೆಯುತ್ತಾಳೆ. ಅವನು ಅದನ್ನು ಬೇರೇನೋ ಎಂದು ತಿಳಿದು ಓಡುತ್ತಾನೆ. ತುಕಾರಾಮರ ಉದ್ದೇಶ ಅಧ್ಯಾತ್ಮದ್ದಿರಬಹುದು. ಆದರೆ ಹದಿನೇಳನೆಯ ಶತಮಾನದಲ್ಲಿಯೇ ಈ ದೃಷ್ಟಾಂತ ಕೇಳುಗರಿಗೆ ಅರ್ಥವಾಗುತ್ತಿತ್ತೆಂದರೆ ಅಂಥ ಮನೆಗಳು ಇದ್ದೇ ಇದ್ದವೆಂದಾಯಿತು. ನಮ್ಮ ಬೀಗರಲ್ಲಿಯೂ ಅಂಥ ಮನೆಗಳಿವೆ. ಅವರು ಯಾರೂ ಓಡಿಹೋಗಿಲ್ಲ.

ಇನ್ನು ನನ್ನ ಸರದಿ. ‘ಶುದ್ಧ ಮಾತಾಡು’ ಎಂದು ನಾನು ವರ್ಗದಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ನಾನು ಕಲಿತದ್ದೂ ಹಾಗೆಯೇ, ನನ್ನ ಗುರುಗಳೂ ಹಾಗೆಯೇ ತಿದ್ದಿದ್ದರು. ಅದಕ್ಕೊಂದು ಕಾರಣವೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಹೆಣಗಾಡಿ ಕನ್ನಡ ಶಾಲೆಗಳನ್ನು ನಿಲ್ಲಿಸಿದರು. ಹಾಗೆ ಗಳಿಸಿದ ಕನ್ನಡದಲ್ಲಿ ಮರಾಠಿಯ ಒಂದು ಶಬ್ದ ಕಂಡರೂ ನಮ್ಮ ತಲೆಮಾರಿನ ಮಾಸ್ತರರಿಗೆ ಕಳ್ಳ ಹೊಕ್ಕಂತೆ ಆಗುತ್ತಿತ್ತು. ‘ನಳ’ ಎಂದರೆ ‘ಕೊಳಾಯಿ’ ಎನ್ನು ಎಂದೆವು. ‘ಪಗಾರ’ ಎಂದರೆ ‘ಸಂಬಳ’ ಎನ್ನು ಎಂದೆವು. ‘ಮಾಡಾಕತ್ತೇನಿ’ ಎಂದ ಹುಡುಗನನ್ನು ‘ಮಾಡುತ್ತಿದ್ದೇನೆ’ ಎನ್ನುವವರೆಗೆ ನಿಲ್ಲಿಸಿದೆವು.

ನಿವೃತ್ತಿಯ ನಂತರ ನಿಘಂಟು ತೆರೆದು ನೋಡುತ್ತ ಹೋದಂತೆ ನನಗೇ ನಾಚಿಕೆಯಾಯಿತು. ‘ಪಗಾರ’ ಪೋರ್ಚುಗೀಸರಿಂದ ಬಂದದ್ದು ನಿಜ. ‘ಬಟಾಟಿ’, ‘ಚಾವಿ’ಗಳೂ ಹಾಗೆಯೇ. ಆದರೆ ನಾನು ಶುದ್ಧವೆಂದು ಕೊಟ್ಟ ‘ಸಂಬಳ’ವೂ ಸಂಸ್ಕೃತದಿಂದ ಬಂದದ್ದು. ‘ಸರಕಾರ’ ಪಾರ್ಸಿ, ‘ತಾಲೂಕು’, ‘ಜಿಲ್ಲೆ’ ಅರಬ್ಬಿ ಮೂಲದವು. ಹೊಲದ ಕಾಗದವನ್ನೇ ನೋಡಿ. ಮುಂಬಯಿ ಆಡಳಿತದಲ್ಲಿ ಏಳನೆಯ ಮತ್ತು ಹನ್ನೆರಡನೆಯ ನಮೂನೆ ಸೇರಿ ಅದು ‘ಸಾತಬಾರಾ’ ಆಯಿತು. ನಮ್ಮ ಬಾಯಲ್ಲಿ ‘ಉತಾರ’ ಆಯಿತು. ಕಂಪ್ಯೂಟರಿನಿಂದ ಈಗ ಹೊರಬರುವುದು ‘ಪಹಣಿ’. ಅದೇ ಹೊಲ, ಅದೇ ಬದು, ಅದೇ ಸಾಲ. ತಾತ ಒಂದು ಹೆಸರಿನಿಂದ, ಮೊಮ್ಮಗ ಇನ್ನೊಂದರಿಂದ ಕೇಳುತ್ತಾನೆ. ಇವುಗಳಲ್ಲಿ ಯಾವುದು ಶುದ್ಧ?

ಶುದ್ಧ ಕನ್ನಡದ ಮಾತು ಬಂದರೆ ಕವಿರಾಜಮಾರ್ಗವನ್ನು ನೆನೆಯದೆ ಇರಲಾಗದು. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿತು. ಆ ಅಳತೆಯಲ್ಲಿ ನಮ್ಮ ಐದು ತಾಲೂಕುಗಳು ಅಂಚಲ್ಲ, ನಟ್ಟನಡುವೆ. ತಿರುಳ್ಗನ್ನಡದ ನಾಲ್ಕು ಊರುಗಳಲ್ಲಿ ಒಂದಾದ ಒಕ್ಕುಂದ ಬೆಳಗಾವಿ ಜಿಲ್ಲೆಯಲ್ಲಿಯೇ, ಬೈಲಹೊಂಗಲದ ಕಡೆಗೆ ಇದೆ. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು ಇನ್ನೊಂದು ಮಾತು. ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವ ಕನ್ನಡಗಳಲ್ಲಿ ದೋಷಗಳನ್ನು ಎಣಿಸಹೊರಟರೆ ಸಾವಿರ ಹೆಡೆಯ ವಾಸುಕಿಯೂ ಬೇಸತ್ತು ಹೋಗುತ್ತಾನೆ ಎಂಬ ಅರ್ಥದ ಪದ್ಯ ಅಲ್ಲಿದೆ. ಕೇವಲ ಒಂದು ನಾಲಗೆಯ ಮಾಸ್ತರ ನಾನು. ಈ ಪದ್ಯವನ್ನು ಪರೀಕ್ಷೆಗೆಂದು ಓದಿದ್ದೆ, ಪಾಠ ಮಾಡುವಾಗ ಮರೆತಿದ್ದೆ. ನಮ್ಮ ಶೇಡಬಾಳದವರೇ ಆದ ಮಿರ್ಜಿ ಅಣ್ಣಾರಾಯರು ಈ ಭಾಗದ ಬದುಕನ್ನು ‘ನಿಸರ್ಗ’ ಕಾದಂಬರಿಯಲ್ಲಿ ಬರೆದು ಹೆಸರಾದರು. ಆ ಪುಸ್ತಕವನ್ನು ಮೇಜಿನ ಮೇಲಿಟ್ಟುಕೊಂಡೇ ನಾನು ಮಕ್ಕಳ ಮಾತನ್ನು ತಿದ್ದುತ್ತಿದ್ದೆ.

ದೀಪಾವಳಿಗೆ ಬಂದಿದ್ದ ಆ ಹುಡುಗನ ಸಂಗತಿ ಒಂದು ಉಳಿದಿದೆ. ಏಳನೆಯ ಇಯತ್ತೆಯ ನಿಬಂಧದಲ್ಲಿ ಅವನು ತನ್ನ ಮನೆಯನ್ನು ವರ್ಣಿಸುತ್ತ ‘ಕಿಡಕಿ’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕಿ ‘ಕಿಟಕಿ’ ಎಂದು ತಿದ್ದಿ ಅರ್ಧ ಅಂಕ ಕಳೆದಿದ್ದೆ. ಈಗ ನೋಡಿದರೆ ಆ ಶಬ್ದ ಹಿಂದಿ, ಮರಾಠಿಗಳ ‘ಖಿಡಕಿ’. ಮೂಲಕ್ಕೆ ಹತ್ತಿರವಿದ್ದದ್ದು ಅವನದೇ, ನನ್ನದಲ್ಲ. ಅವನಿಗೆ ಅದು ನೆನಪಿದೆಯೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. “ಅರ್ಧ ಮಾರ್ಕ ಹೋತಂತ ಅಪ್ಪ ಬೈದಿದ್ದ್ರಿ ಸರ” ಎಂದ. ಅವರ ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು.