ಕಣದಲ್ಲಿ ಗೆದ್ದವನನ್ನು ಕಟಕಟೆಗೆ ಎಳೆದರು

ಬಾಕ್ಸಿಂಗ್ ಅಂದರೆ ಇಬ್ಬರು, ಒಂದು ಕಣ, ಗೆದ್ದವನು ಗೆದ್ದ, ಸೋತವನು ಸೋತ ಅಂತ ನಾವು ತಿಳಿದಿದ್ದೆವು. ಜ್ಯಾಕ್ ಜಾನ್ಸನ್ನನ ಬದುಕು ಓದಿದ ಮೇಲೆ ಆ ತಿಳಿವಳಿಕೆ ಉಳಿಯಲಿಲ್ಲ.

ಈತ 1878ರಲ್ಲಿ ಅಮೆರಿಕದ ಗ್ಯಾಲ್ವೆಸ್ಟನ್ ಊರಿನಲ್ಲಿ ಹುಟ್ಟಿದ. ಅಪ್ಪ, ಅವ್ವ ಇಬ್ಬರೂ ಗುಲಾಮರಾಗಿದ್ದವರು. ಹಡಗುಕಟ್ಟೆಯಲ್ಲಿ ಮೈಮುರಿದು ದುಡಿದ ಹುಡುಗ ಮುಷ್ಟಿ ಕಟ್ಟಿದ. ಆದರೆ ಹೆವಿವೇಟ್ ಪಟ್ಟ ಬಿಳಿಯರ ಪಿತ್ರಾರ್ಜಿತ ಆಸ್ತಿಯಂತಿತ್ತು. ಚಾಂಪಿಯನ್ ಜೇಮ್ಸ್ ಜೆಫ್ರೀಸ್ ಕಪ್ಪು ಜನರೊಂದಿಗೆ ಪಟ್ಟಕ್ಕಾಗಿ ಸೆಣಸದೆಯೇ 1905ರಲ್ಲಿ ನಿವೃತ್ತನಾದ. ಕರಿಯನಿಗೆ ಗೆಲ್ಲುವುದಿರಲಿ, ಸೋಲುವುದಕ್ಕೂ ಅವಕಾಶವಿರಲಿಲ್ಲ!

ಆಗ ಚಾಂಪಿಯನ್ ಆಗಿದ್ದ ಟಾಮಿ ಬರ್ನ್ಸನ ಬೆನ್ನುಹತ್ತಿ ಜಾನ್ಸನ್ ಆಸ್ಟ್ರೇಲಿಯಾದವರೆಗೂ ಹೋದ. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ, 14ನೇ ಸುತ್ತಿನಲ್ಲಿ ಪೊಲೀಸರೇ ಪಂದ್ಯ ನಿಲ್ಲಿಸಬೇಕಾಯಿತು. ಪಟ್ಟ ಕರಿಯನ ಪಾಲಾಯಿತು. ಆಗ ಜೆಫ್ರೀಸ್ ಮತ್ತೆ ಕಣಕ್ಕೆ ಬರಬೇಕು ಅಂತ ಪತ್ರಿಕೆಯಲ್ಲಿ ಕೂಗಿದವನು ಯಾರು? ಕಾದಂಬರಿಕಾರ ಜ್ಯಾಕ್ ಲಂಡನ್. ಸಮಾಜವಾದಿ ಅನ್ನಿಸಿಕೊಂಡವನು! ವರ್ಗದ ಮಾತಾಡುವ ಬಾಯಿ ವರ್ಣದ ಮುಂದೆ ಹೇಗೆ ಹೊರಳುತ್ತದೆ ನೋಡಿ.

ಜೆಫ್ರೀಸ್ ಬಂದ. 1910ರ ಜುಲೈ 4ರಂದು ರೀನೋದಲ್ಲಿ, 15ನೇ ಸುತ್ತಿನಲ್ಲಿ ನೆಲಕಚ್ಚಿದ. ಆ ರಾತ್ರಿ ಊರೂರಲ್ಲಿ ಗಲಭೆ. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ. ಬಿಳಿಯ ಸೋತದ್ದನ್ನು ಜನ ನೋಡಬಾರದೆಂದು ಊರೂರಲ್ಲಿ ಪಂದ್ಯದ ಸಿನಿಮಾ ತಡೆದರು; ಬಾಕ್ಸಿಂಗ್ ಚಿತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಬಾರದೆಂದು 1912ರಲ್ಲಿ ಕಾನೂನೇ ಬಂತು.

ಮುಷ್ಟಿಗೆ ಬಗ್ಗದವನನ್ನು ಕಾನೂನಿನಿಂದ ಬಗ್ಗಿಸಿದರು. ಹೆಣ್ಣುಗಳ ಸಾಗಾಟ ತಡೆಯುವ ಮ್ಯಾನ್ ಕಾಯ್ದೆಯನ್ನು, ಬಿಳಿಯ ಹೆಂಗಸರೊಡನೆ ಬಾಳಿದ ಕರಿಯನ ಮೇಲೆ ಹೂಡಿದರು. 1913ರಲ್ಲಿ ಬರೀ ಬಿಳಿಯರ ಜ್ಯೂರಿ ತಪ್ಪಿತಸ್ಥ ಅಂದಿತು. ಶಿಕ್ಷೆ ಒಂದು ವರ್ಷ, ಒಂದು ದಿನ. ಜಾನ್ಸನ್ ದೇಶಬಿಟ್ಟ. 1915ರಲ್ಲಿ ಹವಾನಾದಲ್ಲಿ ಜೆಸ್ ವಿಲ್ಲರ್ಡ್‌ಗೆ 26ನೇ ಸುತ್ತಿನಲ್ಲಿ ಸೋತ. 1920ರಲ್ಲಿ ಮರಳಿ ಬಂದು ಜೈಲು ಸೇರಿದ.

ಇನ್ನೊಂದು ಮಾತನ್ನೂ ಹೇಳಬೇಕು. ಪಟ್ಟದಲ್ಲಿದ್ದಾಗ ಜಾನ್ಸನ್ ತನ್ನವನೇ ಆದ ಸ್ಯಾಮ್ ಲ್ಯಾಂಗ್‌ಫರ್ಡ್‌ನಂಥ ಸಮರ್ಥನಿಗೆ ಅವಕಾಶ ಕೊಡಲಿಲ್ಲ. ಬಾಗಿಲು ಒಡೆದು ಒಳಹೋದವನು ಹಿಂದೆ ಬಂದವರಿಗೆ ಅದನ್ನು ತೆರೆದಿಡಲಿಲ್ಲ. ಇದನ್ನು ಮುಚ್ಚಿಟ್ಟರೆ ನಾವು ಬರೆಯುವುದು ಚರಿತ್ರೆಯಲ್ಲ, ಭಜನೆ.

ಅವನ ನಂತರ ಕಪ್ಪು ಮನುಷ್ಯನಿಗೆ ಆ ಪಟ್ಟ ಸಿಗಲು 1937ರ ಜೋ ಲೂಯಿಸ್‌ವರೆಗೆ 22 ವರ್ಷ ಕಾಯಬೇಕಾಯಿತು. ಜಾನ್ಸನ್ 1946ರಲ್ಲಿ ಕಾರು ಅಪಘಾತದಲ್ಲಿ ಸತ್ತ. 2018ರಲ್ಲಿ ಅಮೆರಿಕದ ಅಧ್ಯಕ್ಷರು ಅವನಿಗೆ ಕ್ಷಮಾದಾನ ಕೊಟ್ಟರು. ಸತ್ತು 72 ವರ್ಷವಾದ ಮೇಲೆ! ತಪ್ಪು ಮಾಡಿದವನಿಗೆ ಕೊಡುವುದು ಕ್ಷಮೆ. ನಾವು ಕೇಳುವುದಿಷ್ಟೇ: ಇಲ್ಲಿ ತಪ್ಪು ಮಾಡಿದವರು ಯಾರು?